ಅನುಕಂಪದ ನೌಕರಿ

೯ ನವೆಂಬರ್ ೧೯೯೮, ಸೋಮವಾರ

ಇವತ್ತು ಕೆಲಸಕ್ಕೆ ಸೇರಿದೆ. ಅನುಕಂಪದ ಆಧಾರದ ಮೇಲೆ ಬೆರಳಚ್ಚು ಗುಮಾಸ್ತೆ. ಎರಡು ವರ್ಷ ಪ್ರೊಬೇಷನ್. ಆದೇಶದಲ್ಲಿ ನನ್ನ ಹೆಸರು ಒಂದು ಸಲ ಬಂದಿದೆ, ಅವರದು ಮೂರು ಸಲ. ದಿವಂಗತ ಶ್ರೀ ಷಡಕ್ಷರಿಯವರ ಪತ್ನಿ ಶಾಂತಕುಮಾರಿ ಎಂದು.

ಆಫೀಸೆಂದರೆ ಚಿಕ್ಕಮಗಳೂರಿನ ಒಂದು ಮಹಡಿಯ ಮೇಲಿನ ಎರಡು ಕೋಣೆ. ಹೊರಗೆ ಬೋರ್ಡು: ಶ್ರಮಿಕ ಶಿಕ್ಷಣ ಘಟಕ, ಕಾರ್ಮಿಕ ಮಂತ್ರಾಲಯ, ಭಾರತ ಸರ್ಕಾರ. ಕಾಫಿ ತೋಟಗಳಿಗೆ ಹೋಗಿ, ಕೆಲಸದವರನ್ನು ಕೂರಿಸಿಕೊಂಡು, ಅವರಿಗೆಂದು ದಿಲ್ಲಿಯಲ್ಲಿ ಏನೇನು ಕಾನೂನು ಮಾಡಿದ್ದಾರೆ ಎಂದು ಹೇಳಿಕೊಡುವುದು ಇಲ್ಲಿಯವರ ಕೆಲಸ. ಹದಿನಾರು ವರ್ಷ ಅವರು ಇದನ್ನೇ ಮಾಡಿದರು. ನನಗೆ ಗೊತ್ತಿದ್ದದ್ದು ಇಷ್ಟೇ: 'ಕ್ಯಾಂಪಿದೆ' ಅನ್ನುತ್ತಿದ್ದರು, ನಾನು ಡಬ್ಬಿಗೆ ಚಿತ್ರಾನ್ನ ಹಾಕಿಕೊಡುತ್ತಿದ್ದೆ.

ಜೂನಿನಲ್ಲಿ ಕ್ಯಾಂಪಿನಿಂದ ವಾಪಸು ಬರುವಾಗ ಹೃದಯ ನಿಂತಿತು. ನಲವತ್ತನಾಲ್ಕು ವರ್ಷ. ನನಗೆ ಮೂವತ್ತೊಂಬತ್ತು.

ಮೇಲಧಿಕಾರಿ ಓಂಕಾರಪ್ಪನವರು ನಮ್ಮ ಯಜಮಾನರ ಕುರ್ಚಿಯಲ್ಲೇ ಕೂರಿ ಅಂದರು. ಕೂತೆ. ಕುರ್ಚಿ ಕುರ್ಚಿಯ ಹಾಗೇ ಇತ್ತು.

೧೩ ನವೆಂಬರ್, ಶುಕ್ರವಾರ

ಹದಿಮೂರು ಪತ್ರ ಟೈಪ್ ಮಾಡಿದೆ. ಶಿಲ್ಪಾ ಊಟಕ್ಕೆ ಕೂತವಳು, "ಅಮ್ಮಾ, ಮೂರು ದಿನದಿಂದ ಸಾರಿಗೆ ಉಪ್ಪು ಹಾಕಿಲ್ಲ" ಅಂದಳು. ಮೂರು ದಿನ ಯಾಕೆ ಸುಮ್ಮನಿದ್ದೆ ಅಂತ ಕೇಳಬೇಕಿತ್ತು. ಕೇಳಲಿಲ್ಲ. ಅವಳಿಗಿನ್ನೂ ಹದಿನಾಲ್ಕು.

ಪಕ್ಕದ ಮನೆಯವರು, ಒಂದು ಸಲ ಜೋರಾಗಿ ಅತ್ತುಬಿಡಿ, ಹಗುರಾಗುತ್ತೆ ಅಂತಾರೆ. ಅಳು ಬಂದರೆ ಅಳಬಹುದು.

೨೬ ನವೆಂಬರ್, ಗುರುವಾರ

ಓಂಕಾರಪ್ಪನವರು ಕರೆದರು. ನಮ್ಮ ಯಜಮಾನರ ಜಾಗಕ್ಕೆ ಇನ್ನೂ ಯಾರನ್ನೂ ಹಾಕಿಲ್ಲ. ಮಾರ್ಚಿನೊಳಗೆ ಹನ್ನೆರಡು ಕ್ಯಾಂಪು ಮುಗಿಸಬೇಕು, ಇಲ್ಲದಿದ್ದರೆ ಈ ಆಫೀಸು ಯಾತಕ್ಕೆ ಅಂತ ದಿಲ್ಲಿಯಿಂದ ಕೇಳುತ್ತಾರೆ.

"ನೀವು ಬಿ.ಎ. ಮಾಡಿದೀರಿ. ಷಡಕ್ಷರಿಯವರ ನೋಟ್ಸು ಬೀರುವಿನಲ್ಲಿದೆ. ಹೋಗಿ ಓದಿ ಬಂದ್ರೆ ಸಾಕು."

"ನನಗೆ ಪಾಠ ಮಾಡಿ ಗೊತ್ತಿಲ್ಲ ಸರ್."

"ಪಾಠ ಯಾರು ಮಾಡಿ ಅಂದ್ರು? ಓದೋದು ಅಷ್ಟೇ. ಹಾಜರಿ ಹಾಳೆ ತುಂಬಿಸ್ಕೊಂಡು ಬರೋದು."

ಹೂಂ ಅಂದೆ. ಬೇಡ ಅನ್ನಲು ಕಾರಣ ಹುಡುಕಬೇಕಿತ್ತು. ಅದು ಇನ್ನೂ ದೊಡ್ಡ ಕೆಲಸ.

೨ ಡಿಸೆಂಬರ್, ಬುಧವಾರ

ಮಲ್ಲಂದೂರಿನ ಹತ್ತಿರ ಒಂದು ತೋಟ. ಕಣದ ತುಂಬ ಕಾಫಿ ಹರಡಿದ್ದರಿಂದ ಗೋದಾಮಿನಲ್ಲಿ ಕೂರಿಸಿದ್ದರು. ನಲವತ್ತು ಜನ. ಬೆಳಿಗ್ಗೆಯಿಂದ ಹಣ್ಣು ಕೊಯ್ದು ಬಂದವರು. ಕೂತ ತಕ್ಷಣ ಅರ್ಧ ಜನಕ್ಕೆ ನಿದ್ದೆ.

ಯಜಮಾನರ ಅಕ್ಷರ ದುಂಡಗೆ, ಓದಲು ಕಷ್ಟವಿಲ್ಲ. ದಿಲ್ಲಿಯಲ್ಲಿ ನಿಮಗೊಂದು ಮಂತ್ರಾಲಯವಿದೆ. ಮೊದಲು ಅದು ಕೈಗಾರಿಕೆಯ ಜೊತೆ ಸೇರಿಕೊಂಡು ಇತ್ತು. ೧೯೩೭ರಲ್ಲಿ ಕಾರ್ಮಿಕರಿಗೇ ಅಂತ ಬೇರೆ ಇಲಾಖೆಯಾಯಿತು. ೧೯೪೨ರಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕರು, ಮೂರೂ ಕಡೆಯವರನ್ನು ಒಂದೇ ಸಭೆಯಲ್ಲಿ ಕೂರಿಸಿದರು. ೧೯೫೧ರಲ್ಲಿ ತೋಟದವರಿಗೇ ಒಂದು ಕಾಯ್ದೆ ಬಂತು. ಮನೆ, ನೀರು, ಆಸ್ಪತ್ರೆ, ಕೂಸಿನ ಮನೆ. ಹೀಗೆ ಹದಿನೆಂಟು ಪುಟ.

ಏಳನೇ ಪುಟದಲ್ಲಿ, "ನಾನು ಹದಿನಾರು ವರ್ಷದಿಂದ ಈ ತೋಟಗಳನ್ನು ನೋಡುತ್ತಿದ್ದೇನೆ, ನನ್ನ ಮೀಸೆ ಇಲ್ಲೇ ಹಣ್ಣಾಯಿತು" ಎಂದಿತ್ತು. ಓದಿಬಿಟ್ಟೆ. ಗೋದಾಮು ಪೂರ್ತಿ ನಕ್ಕಿತು. ಮಲಗಿದ್ದವರು ಎದ್ದು, ಏನಾಯ್ತು ಅಂತ ಕೇಳಿ ತಿಳಿದುಕೊಂಡು ನಕ್ಕರು. ಅವರು ನಕ್ಕು ಮುಗಿಸುವವರೆಗೆ ಕಾದು ಎಂಟನೇ ಪುಟ ತೆಗೆದೆ.

೩ ಡಿಸೆಂಬರ್, ಗುರುವಾರ

ಶಿಲ್ಪಾಗೆ ಮೀಸೆಯ ವಿಷಯ ಹೇಳಿದೆ. ಅವಳು ನಗುತ್ತಾ ಇದ್ದವಳು ಎದ್ದು ಹಿತ್ತಿಲಿಗೆ ಹೋದಳು. ಬಹಳ ಹೊತ್ತು ಬರಲಿಲ್ಲ.

೫ ಜನವರಿ ೧೯೯೯, ಮಂಗಳವಾರ

ನಡುವೆ ಐದು ಕ್ಯಾಂಪು ಆದವು. ಬರೆಯುವಂಥದ್ದು ಏನೂ ಇಲ್ಲ.

ಇವತ್ತಿನಿಂದ ಬಣಕಲ್ ಹತ್ತಿರ ಜೇನುಗುಡ್ಡ ಎಸ್ಟೇಟಿನಲ್ಲಿ ಮೂರು ದಿನದ ಕ್ಯಾಂಪು. ತೋಟದ ಲೆಕ್ಕ ಬರೆಯುವ ರೈಟರ್ ಪ್ರಶಾಂತ್ ಅಂತ, ಮರ್ಯಾದೆಯ ಹುಡುಗ. ಹಾಜರಿ ಹಾಳೆಯನ್ನು ಅವನೇ ತುಂಬಿಕೊಟ್ಟ. ಹೆಸರು, ವಯಸ್ಸು, ಈ ತೋಟದಲ್ಲಿ ಎಷ್ಟು ವರ್ಷದಿಂದ ಕೆಲಸ. ಕೆಳಗೆ ಅವನ ಸಹಿ, ತೋಟದ ಮೊಹರು.

ಕೂಸಿನ ಮನೆಯ ಎದುರು ಚಾಪೆ ಹಾಸಿದ್ದರು. ಒಳಗೆ ಗೊಬ್ಬರದ ಚೀಲ. ಕೂಸು ನೋಡಿಕೊಳ್ಳುವ ದ್ಯಾವಮ್ಮ ಎಂಬ ಮುದುಕಿ ಮೂರು ಮಕ್ಕಳನ್ನು ಹೊರಗೆ ನೇರಳೆ ಮರದ ಕೆಳಗೆ ಆಡಿಸುತ್ತಿದ್ದಳು.

ಓದುತ್ತಾ ಹೋದೆ. ೧೮೫೯ರಲ್ಲಿ ಇಂಗ್ಲಿಷರು ಮಾಡಿದ ಕಾನೂನೊಂದಿತ್ತು, ಮುಂಗಡ ಪಡೆದ ಕೂಲಿ ಕೆಲಸ ಬಿಟ್ಟು ಓಡಿದರೆ ಜೈಲಿಗೆ ಹಾಕಬಹುದಿತ್ತು ಎಂಬ ಕಡೆ ಯಜಮಾನರು ಪಕ್ಕದಲ್ಲಿ ಬರೆದಿದ್ದರು: ಇಲ್ಲಿ ನಿಲ್ಲಿಸಿ, ಯಾರಿಗಾದರೂ ನೆನಪಿದೆಯೇ ಎಂದು ಕೇಳಿ. ಇಷ್ಟು ದಿನ ಆ ಸಾಲನ್ನು ದಾಟಿಕೊಂಡು ಹೋಗುತ್ತಿದ್ದೆ. ಇವತ್ತು ಗಂಟಲು ಒಣಗಿತ್ತು, ನೀರು ಕುಡಿಯಲು ನಿಲ್ಲಿಸಿದೆ. ನಿಲ್ಲಿಸಿದ ಮೇಲೆ ಕೇಳಿದೆ.

ದ್ಯಾವಮ್ಮ ಮರದ ಕೆಳಗಿಂದಲೇ, "ನಮ್ಮಜ್ಜ ಓಡಿದ್ನಂತೆ ಮೇಡಮ್ಮಾರೆ" ಅಂದಳು. "ಘಟ್ಟದ ಕೆಳಗಿನ ಊರಿಗೆ. ಜ್ವರದಾಗೆ ಜನ ಸಾಯ್ತಿದ್ರಂತೆ ತೋಟದಾಗೆ, ಅದ್ಕೆ. ಹಿಡ್ಕಂಬಂದು ಕೋಳ ಹಾಕಿದ್ರಂತೆ. ನಮ್ಮವ್ವ ಹೇಳದು."

"ಆಮೇಲೆ?"

"ಆಮೇಲೇನು, ಬಿಟ್ಮೇಲೆ ಇದೇ ತೋಟಕ್ಕೇ ಬಂದ. ಎಲ್ಲಿಗೆ ಹೋಗದು?"

ಯಾರೂ ನಗಲಿಲ್ಲ. ಇವತ್ತು ಯಾರೂ ಮಲಗಲೂ ಇಲ್ಲ. ಹೆರಿಗೆ ರಜೆಯ ಕಾಯ್ದೆ ಓದುವಾಗ ಒಬ್ಬ ಬಸುರಿ ಹೆಂಗಸು ಕೈ ಎತ್ತಿ, "ಬರದು ಕೊಟ್ರೆ ಸಾಕಾ?" ಎಂದಳು. ಹೌದು, ನೋಟೀಸು ಬರೆದು ಕೊಡಬೇಕು ಅಂದೆ. "ಬರಿಯಕ್ಕೆ ಬರ್ದಿದ್ರೆ?" ಎಂದಳು. ಅದು ನೋಟ್ಸಿನಲ್ಲಿ ಇರಲಿಲ್ಲ.

೭ ಜನವರಿ, ಗುರುವಾರ

ಆ ಹೆಂಗಸಿನ ಹೆಸರು ಅಂಜನಮ್ಮ. ಗಂಡ ಲಕ್ಕಯ್ಯ, ಅದೇ ತೋಟದಲ್ಲಿ ಮರಗಸಿ ಮಾಡುತ್ತಾನೆ, ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ. ಮಧ್ಯಾಹ್ನ ಕ್ಯಾಂಪು ಮುಗಿಸಿ ಹೊರಟಾಗ ದಾರಿಯಲ್ಲಿ ನಿಂತಿದ್ದಳು.

"ಸೋಮವಾರದಿಂದ ಬರಬೇಡ ಅಂದ್ರು ಮೇಸ್ತ್ರಿ. ಹೆರಿಗೆ ಆದ್ಮೇಲೆ ಬಾ, ಹೊಸದಾಗಿ ಹೆಸರು ಬರ್ಕತೀವಿ ಅಂತ."

"ಎಷ್ಟು ವರ್ಷ ಆಯ್ತು ನೀನು ಇಲ್ಲಿ?"

"ಆರು. ಬಸುರಿ ಅಂದ್ರೆ ಎಲ್ರಿಗೂ ಹಿಂಗೇ ಅಂತಾರೆ. ಅದ್ಕೆ ಹೋದ ಸಲ ನಾನು ಹೇಳ್ಳೇ ಇಲ್ಲ. ಸೆರಗು ಬಿಗಿಯಾಗಿ ಕಟ್ಕಂಡು ಎಂಟು ತಿಂಗಳ ತನಕ ಹಣ್ಣಿನ ಚೀಲ ಹೊತ್ತೆ. ಕೂಸು ಸತ್ತೇ ಹುಟ್ತು."

ಇವತ್ತು ಬಿಸಿಲು ಜಾಸ್ತಿ ಅನ್ನುವ ಹಾಗೆ ಹೇಳಿದಳು. ಮುಂದುವರಿಸಿದಳು.

"ನಂಗೆ ಅಳೂನೇ ಬರ್ಲಿಲ್ಲ ಮೇಡಂ. ಎಲ್ರೂ ಅಳು ಅಳು ಅಂದ್ರು. ಮೂರನೇ ದಿನ ಹಾಲು ಬಂತು. ಅದುಕ್ಕೇನು ಗೊತ್ತು, ಕೂಸಿಲ್ಲ ಅಂತ?"

ದಾರಿಯ ಬದಿಯ ಕಲ್ಲಿನ ಮೇಲೆ ಕೂತು ಅರ್ಜಿ ಬರೆದೆ. ಎರಡು ಪ್ರತಿ. ಒಂದು ತೋಟದವರಿಗೆ, ಒಂದು ಚಿಕ್ಕಮಗಳೂರಿನ ಲೇಬರ್ ಆಫೀಸರಿಗೆ. ಕಾನೂನು ದಿಲ್ಲಿಯದಾದರೂ ತೋಟಗಳಲ್ಲಿ ನಡೆಯುತ್ತಿದೆಯೋ ಇಲ್ಲವೋ ನೋಡುವವರು ಇಲ್ಲಿನ ರಾಜ್ಯ ಸರ್ಕಾರದವರು. ಅವಳು ಹೆಬ್ಬೆಟ್ಟು ಒತ್ತಿದಳು. ಶಾಯಿಯ ಪ್ಯಾಡು ಹಾಜರಿಗೆಂದು ನನ್ನ ಚೀಲದಲ್ಲಿ ಹೇಗೂ ಇತ್ತು.

ಯಾಕೆ ಬರೆದೆ ಗೊತ್ತಿಲ್ಲ. ಕೇಳಿದಳು, ಬರೆದೆ. ಬಸ್ಸು ತಪ್ಪಿತು. ಮುಂದಿನದಕ್ಕೆ ಬಂದೆ.

೩ ಫೆಬ್ರವರಿ, ಬುಧವಾರ

ಬೆಳಿಗ್ಗೆ ಓಂಕಾರಪ್ಪನವರು ಬಾಗಿಲು ಮುಂದೆ ಮಾಡಿ ಕೂರಿಸಿದರು. ನಿನ್ನೆ ಜೇನುಗುಡ್ಡದ ಸಾಹುಕಾರರು ಜೀಪಿನಲ್ಲಿ ಬಂದಿದ್ದರಂತೆ. ಲೇಬರ್ ಆಫೀಸಿನಿಂದ ಅವರಿಗೆ ನೋಟೀಸು ಹೋಗಿದೆ. ಅರ್ಜಿಯ ಪ್ರತಿ ಮೇಜಿನ ಮೇಲಿತ್ತು.

"ಇದು ನಿಮ್ಮ ಅಕ್ಷರ ಅಂತ ನಂಗೆ ಗೊತ್ತು. ಅವ್ರಿಗೆ ಗೊತ್ತಿಲ್ಲ, ಅನುಮಾನ ಇದೆ ಅಷ್ಟೇ. ನಾನು ಬರೆದಿಲ್ಲ ಅಂತ ಒಂದು ಮಾತು ಬರೆದುಕೊಡಿ. ಮುಗೀತು."

ನಾನು ಅರ್ಜಿಯನ್ನೇ ನೋಡುತ್ತಿದ್ದೆ. ಒಂದು ಕಡೆ ಒತ್ತಕ್ಷರ ತಪ್ಪಿತ್ತು.

"ಶಾಂತಕುಮಾರಿಯವರೇ, ಕೇಳಿಸ್ತಾ? ಪಾಠ ಹೇಳೋದು ನಮ್ಮ ಕೆಲಸ, ಅರ್ಜಿ ಬರೆಯೋದಲ್ಲ. ತೋಟದೋರು ಒಳಗೆ ಬಿಟ್ರೆ ತಾನೇ ನಮ್ಮ ಕ್ಯಾಂಪು? ನಾಲ್ಕು ಜನ ಸಾಹುಕಾರರು ಬೇಡ ಅಂದ್ರೆ ಈ ಆಫೀಸಿಗೆ ಬೀಗ. ನಿಮ್ದು ಪ್ರೊಬೇಷನ್ ಬೇರೆ. ಮಗಳು ಓದ್ತಾ ಇದಾಳೆ."

"ಹೂಂ ಸರ್."

"ಷಡಕ್ಷರಿ ಹದಿನಾರು ವರ್ಷ ಸರ್ವಿಸ್ ಮಾಡಿದ್ರು. ಒಬ್ರಿಗೂ ಒಂದು ಅರ್ಜಿ ಬರೆದುಕೊಡ್ಲಿಲ್ಲ. ಯಾರಾದ್ರೂ ಅವರ ಮೇಲೆ ಒಂದು ಮಾತು ಆಡಿದ್ದುಂಟಾ?"

ಓಂಕಾರಪ್ಪನವರು ಕೆಟ್ಟವರಲ್ಲ. ಜೂನಿನಲ್ಲಿ ಆಸ್ಪತ್ರೆಯ ಕೆಲಸವನ್ನೆಲ್ಲ ಓಡಾಡಿ ಮಾಡಿದವರು ಇವರೇ, ನನ್ನ ಈ ನೌಕರಿಗೆ ದಿಲ್ಲಿಗೆ ಆರು ಪತ್ರ ಬರೆದವರೂ ಇವರೇ. ಬಿಳಿ ಹಾಳೆ ಕೊಟ್ಟರು. ಯೋಚಿಸಿ ಕೊಡುತ್ತೇನೆ ಅಂದು ತೆಗೆದುಕೊಂಡೆ.

ಹದಿನಾರು ವರ್ಷದಲ್ಲಿ ಒಂದು ಅರ್ಜಿಯೂ ಇಲ್ಲ. ಬರೆದುಕೊಡಿ ಎಂದು ಯಾರೂ ಕೇಳಲಿಲ್ಲವೋ, ಕೇಳಿದಾಗ ನಮ್ಮ ಯಜಮಾನರು ಬಸ್ಸಿಗೆ ಹೊತ್ತಾಯಿತು ಅಂದರೋ. ಇನ್ನು ತಿಳಿಯುವುದಿಲ್ಲ.

೫ ಫೆಬ್ರವರಿ, ಶುಕ್ರವಾರ

ಬಿಳಿ ಹಾಳೆ ಬಿಳಿಯಾಗಿಯೇ ಇದೆ.

೯ ಫೆಬ್ರವರಿ, ಮಂಗಳವಾರ

ಲಕ್ಕಯ್ಯ ಆಫೀಸಿಗೆ ಬಂದಿದ್ದ. ಮೆಟ್ಟಿಲ ಮೇಲೆ ಬಾರದೆ ಕೆಳಗೇ ನಿಂತಿದ್ದ, ನಾನೇ ಇಳಿದು ಹೋದೆ. ತೋಟದವರು ಕೊಟ್ಟಿದ್ದ ಲೈನಿನ ಮನೆ ಖಾಲಿ ಮಾಡಿ ಅಂದಿದ್ದಾರಂತೆ. ಹದಿನೆಂಟನೇ ತಾರೀಖು ಲೇಬರ್ ಆಫೀಸರು ವಿಚಾರಣೆಗೆ ಕರೆದಿದ್ದಾರೆ.

"ಅಂಜಿ ಆ ತೋಟದಾಗೆ ಕೆಲಸಕ್ಕೇ ಇರ್ಲಿಲ್ಲ ಅಂತ ಹೇಳ್ತಾರಂತೆ ಮೇಡಂ. ಹೋದ ಮಳೆಗಾಲದಾಗೇ ಬಿಟ್ಟು ಹೋದ್ಲು, ಈಗ ನನ್ ಜೊತೆ ಸುಮ್ನೆ ಬಂದು ಇದಾಳೆ ಅಂತ. ಹಾಜರಿ ಬರಿಯೋ ಚೆಕ್‌ರೋಲಿನಾಗೆ ಅವಳ ಹೆಸ್ರೇ ಇಲ್ವಂತೆ."

"ಬೇರೆ ಯಾರಾದ್ರೂ ಸಾಕ್ಷಿ ಹೇಳ್ತಾರಾ?"

"ಎಲ್ರೂ ಲೈನ್ ಮನ್ಯಾಗೇ ಇರೋರಲ್ವ?" ಅಂದ. ಆಮೇಲೆ, "ಅರ್ಜಿ ಹಾಕದೇ ಬೇಡಾಗಿತ್ತೇನೋ" ಅಂದ. ಬೈದ ಹಾಗೆ ಅನ್ನಲಿಲ್ಲ.

ಮನೆಗೆ ಬಂದು ಕಾಯ್ದೆಯ ಪುಸ್ತಕ ತೆಗೆದೆ. ಹಿಂದಿನ ಹನ್ನೆರಡು ತಿಂಗಳಲ್ಲಿ ಎಂಬತ್ತು ದಿನ ಕೆಲಸ ಮಾಡಿದ್ದರೆ ರಜೆ ಕೊಡಲೇಬೇಕು. ಬಸುರಿನ ಕಾರಣಕ್ಕೆ ರಜೆ ತಪ್ಪಿಸಲು ಕೆಲಸದಿಂದ ತೆಗೆಯುವ ಹಾಗಿಲ್ಲ. ನಾಲ್ಕು ಸಲ ಓದಿದೆ. ಅನ್ನ ತಳ ಹಿಡಿಯಿತು. ಶಿಲ್ಪಾ ಬಂದು ಒಲೆ ಆರಿಸಿದಳು. "ಅಪ್ಪನೂ ಇಷ್ಟು ಓದ್ತಿರ್ಲಿಲ್ಲ" ಅಂದಳು.

೧೮ ಫೆಬ್ರವರಿ, ಗುರುವಾರ

ಅರ್ಧ ದಿನ ರಜೆ ಹಾಕಿ ಹೋದೆ. ಎಲ್ಲಿಗೆ ಎಂದು ಓಂಕಾರಪ್ಪನವರು ಕೇಳಲಿಲ್ಲ. ಹೇಳಬೇಡಿ ಅನ್ನುವ ಹಾಗೆ ಫೈಲು ನೋಡುತ್ತಾ ಕೂತರು.

ಲೇಬರ್ ಆಫೀಸರು ನಿಧಾನದ ಮನುಷ್ಯ, ನಿವೃತ್ತಿಗೆ ಹತ್ತಿರ. ಒಂದು ಕಡೆ ಸಾಹುಕಾರರು, ಅವರ ವಕೀಲರು, ರೈಟರ್ ಪ್ರಶಾಂತ್. ಇನ್ನೊಂದು ಕಡೆ ಅಂಜನಮ್ಮ, ಲಕ್ಕಯ್ಯ. ಬಸ್ಸಿನಲ್ಲಿ ನಿಂತುಕೊಂಡೇ ಬಂದಳಂತೆ. ಕಾಲು ಊದಿತ್ತು.

ವಕೀಲರು ಚೆಕ್‌ರೋಲ್ ತೋರಿಸಿದರು. ಹೊಸ ಪುಸ್ತಕ. "ಈ ಹೆಸರಿನವರು ಕಳೆದ ಜುಲೈನಿಂದ ನಮ್ಮಲ್ಲಿಲ್ಲ. ಯಾರೋ ಎತ್ತಿಕಟ್ಟಿ ಅರ್ಜಿ ಬರೆಸಿದ್ದಾರೆ."

"ಅರ್ಜಿ ಬರೆದವರು ಯಾರಮ್ಮ?" ಎಂದು ಆಫೀಸರು ಅಂಜನಮ್ಮನನ್ನು ಕೇಳಿದರು. ಅವಳು ನೆಲ ನೋಡಿದಳು. ನಾನು ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತಿರುವುದು ಅವಳಿಗೆ ಗೊತ್ತಿತ್ತು. ಕತ್ತು ಕೂಡ ಈ ಕಡೆ ತಿರುಗಿಸಲಿಲ್ಲ.

"ಗೊತ್ತಿಲ್ಲ ಸ್ವಾಮಿ" ಅಂದಳು.

"ನಾನು ಬರೆದೆ" ಎಂದೆ.

ಎಲ್ಲರೂ ತಿರುಗಿದರು. ನಾನು ಯಾರು, ಎಲ್ಲಿ ಕೆಲಸ ಎಂದು ಹೇಳಿದೆ. ಜನವರಿ ಐದರಿಂದ ಏಳರವರೆಗೆ ಜೇನುಗುಡ್ಡದಲ್ಲಿ ನಮ್ಮ ಕ್ಯಾಂಪು ನಡೆಯಿತು, ತೋಟದವರೇ ತಮ್ಮ ಕೆಲಸಗಾರರ ಪಟ್ಟಿ ಕೊಟ್ಟರು, ಅದರಲ್ಲಿ ಇಪ್ಪತ್ತೆರಡನೇ ಹೆಸರು ಅಂಜನಮ್ಮನದು, ಆರು ವರ್ಷದ ಸರ್ವಿಸ್ ಎಂದು ತೋಟದವರೇ ಬರೆದಿದ್ದಾರೆ, ಮೂರು ದಿನದ ಹೆಬ್ಬೆಟ್ಟೂ ಇದೆ, ಮೊಹರೂ ಇದೆ. ಇಷ್ಟು ಹೇಳುವಾಗ ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ.

"ಆ ಹಾಳೆ ಎಲ್ಲಿದೆ?"

"ನಮ್ಮ ಆಫೀಸಿನ ಫೈಲಿನಲ್ಲಿ. ನೀವು ಬರೆದು ಕೇಳಿದರೆ ಕೊಡಬೇಕಾಗುತ್ತೆ ಸರ್."

ಆಫೀಸರು ಪ್ರಶಾಂತನನ್ನು ನೋಡಿದರು. "ನೀವೇನಪ್ಪ ಬರೆದುಕೊಟ್ಟಿದ್ದು?"

ಅವನು ಸಾಹುಕಾರರ ಮುಖ ನೋಡಿದ. ಆಮೇಲೆ ಅಂಜನಮ್ಮನ ಕಾಲು ನೋಡಿದ. "ಹೌದು ಸರ್, ನನ್ ಅಕ್ಷರಾನೇ" ಅಂದ. ಸಾಹುಕಾರರು ಎದ್ದು ಹೊರಗೆ ಹೋದರು.

ಮನೆಗೆ ಬಂದಾಗ ಬಹಳ ಹಸಿವಾಗಿತ್ತು.

೨೨ ಫೆಬ್ರವರಿ, ಸೋಮವಾರ

ಲೇಬರ್ ಆಫೀಸಿನ ಪತ್ರ ಬಂತು. ಹಾಜರಿ ಹಾಳೆಯ ದೃಢೀಕೃತ ನಕಲು ಕಳಿಸಿ ಎಂದು. ಓಂಕಾರಪ್ಪನವರು ಎರಡು ಸಲ ಓದಿ ನನ್ನ ಕಡೆ ತಳ್ಳಿದರು. "ಕವರಿಂಗ್ ಲೆಟರ್ ಟೈಪ್ ಮಾಡಿ." ಮಾಡಿದೆ. ನಕಲಿಗೆ ಸಹಿ ಹಾಕುವಾಗ ನಡುವೆ ಪೆನ್ನು ಎತ್ತಿದರು, ಸಹಿ ಎರಡು ತುಂಡಾಯಿತು. ಕೆಳಗೆ ಮತ್ತೊಮ್ಮೆ ಹಾಕಿದರು.

ಅದು ಮುಗಿದ ಮೇಲೆ ಇನ್ನೊಂದು ಕಾಗದ ಕೊಟ್ಟರು. ಕಾರಣ ಕೇಳುವ ಮೆಮೊ, ನನಗೆ. ಅದನ್ನೂ ನಾನೇ ಟೈಪ್ ಮಾಡಬೇಕಿತ್ತು, ಬೇರೆ ಯಾರಿದ್ದಾರೆ? ನನಗೆ ನಾನೇ ಮೆಮೊ ಹೊಡೆದು, ಅವರ ಸಹಿ ಪಡೆದು, ಸ್ವೀಕರಿಸಿದ್ದೇನೆ ಎಂದು ಸಹಿ ಹಾಕಿದೆ. ಓಂಕಾರಪ್ಪನವರಿಗೆ ನಗು ಬಂತು. ನನಗೂ ಬಂದಿರಬೇಕು, ಕಚೇರಿಯ ಜವಾನ ಒಳಗೆ ಬಂದು ನೋಡಿ ಹೋದ.

ಉತ್ತರ ಒಂದೇ ಸಾಲು ಬರೆದೆ. ಅರ್ಜಿದಾರಳಿಗೆ ಬರೆಯಲು ಬರುತ್ತಿರಲಿಲ್ಲ, ನನಗೆ ಬರುತ್ತಿತ್ತು.

೯ ಮಾರ್ಚ್, ಮಂಗಳವಾರ

ಆದೇಶ ಬಂದಿದೆ. ಅಂಜನಮ್ಮನನ್ನು ಕೆಲಸದಲ್ಲಿರುವವಳೆಂದೇ ಭಾವಿಸಬೇಕು. ಹನ್ನೆರಡು ವಾರ ಹೆರಿಗೆ ರಜೆ. ಮನೆ ಬಿಡಿಸುವ ಹಾಗಿಲ್ಲ. ಕೂಸಿನ ಮನೆಯಿಂದ ಗೊಬ್ಬರದ ಚೀಲ ಹದಿನೈದು ದಿನದಲ್ಲಿ ತೆಗೆಯಬೇಕು. ಅದನ್ನು ನಾನು ಅರ್ಜಿಯಲ್ಲಿ ಬರೆದಿರಲಿಲ್ಲ, ಆಫೀಸರೇ ಹೋಗಿ ನೋಡಿ ಬಂದರಂತೆ.

ಪ್ರಶಾಂತ ಕೆಲಸ ಬಿಟ್ಟ. ಬಿಡಿಸಿದರೋ ಏನೋ. ಮೂಡಿಗೆರೆಯಲ್ಲಿ ಒಂದು ಗೊಬ್ಬರದಂಗಡಿಯಲ್ಲಿದ್ದಾನಂತೆ. ಅವನ ಹೆಸರಿಗೆ ಆದೇಶದಲ್ಲಿ ಯಾವ ಸಾಲೂ ಇಲ್ಲ.

೨೪ ಮಾರ್ಚ್, ಬುಧವಾರ

ಹನ್ನೆರಡನೇ ಕ್ಯಾಂಪು, ಕಳಸದ ಹತ್ತಿರ. ನಿನ್ನೆ ಮೊದಲ ಹೂಮಳೆ ಬಂದು ಗುಡ್ಡವೆಲ್ಲ ಕಾಫಿಯ ಮೊಗ್ಗು. ನೋಟ್ಸಿನ ಚೀಲವನ್ನು ಬಸ್ಸಿನಲ್ಲೇ ಬಿಟ್ಟು ಇಳಿದಿದ್ದೆ. ಜನ ಆಗಲೇ ಕೂತಿದ್ದರು. ಮೂರು ಗಂಟೆ ಮಾತಾಡಿದೆ. ದ್ಯಾವಮ್ಮನ ಅಜ್ಜನ ಕಥೆಯಿಂದ ಶುರು ಮಾಡಿದೆ. ಒಬ್ಬ ಗಂಡಸು ಗಣಿಯವರಿಗೂ ಇದೇ ಕಾನೂನಾ, ಕುದುರೆಮುಖದಲ್ಲಿ ನನ್ನ ತಮ್ಮ ಇದಾನೆ ಎಂದು ಕೇಳಿದ. ಗಣಿಗೆ ಬೇರೆ ಕಾನೂನು, ಓದಿಕೊಂಡು ಬಂದು ಹೇಳುತ್ತೇನೆ ಎಂದೆ.

ಸಂಜೆ ಡಿಪೋದವರು ಚೀಲ ಹಿಂದಿರುಗಿಸಿದರು.

೧ ಏಪ್ರಿಲ್, ಗುರುವಾರ

ನನ್ನ ಪ್ರೊಬೇಷನ್ ಒಂದು ವರ್ಷ ಹೆಚ್ಚು ಮಾಡಿದ್ದಾರೆ. ದಿಲ್ಲಿಯಿಂದ ಬಂದ ಕಾಗದವನ್ನು ಓಂಕಾರಪ್ಪನವರು ಬೆನ್ನ ಹಿಂದೆ ಹಿಡಿದುಕೊಂಡು ಬಂದು, "ತೆಗೀತಾರೆ ಅಂದ್ಕೊಂಡಿದ್ದೆ" ಅಂದರು. ಈ ವರ್ಷದ ಕ್ಯಾಂಪುಗಳ ಪಟ್ಟಿ ಮಾಡಿ ಅಂತಲೂ ಅಂದರು. ಜೇನುಗುಡ್ಡದವರು ಇನ್ನು ಬರಬೇಡಿ ಎಂದು ಬರೆದಿದ್ದಾರೆ. ಹೊಸದಾಗಿ ಎರಡು ತೋಟದ ಕೆಲಸದವರು ಬನ್ನಿ ಎಂದು ಹೇಳಿ ಕಳಿಸಿದ್ದಾರೆ.

೧೦ ಏಪ್ರಿಲ್, ಶನಿವಾರ

ಎರಡನೇ ಶನಿವಾರ, ರಜೆ. ಅಂಜನಮ್ಮನಿಗೆ ಹೆಣ್ಣು ಮಗು ಆಗಿದೆಯೆಂದು ಲಕ್ಕಯ್ಯ ಯಾರ ಕೈಲೋ ಹೇಳಿ ಕಳಿಸಿದ್ದ. ಬಣಕಲ್‌ಗೆ ಹೋಗಿ ಬಂದೆ.

ಲೈನ್ ಮನೆಯ ಒಂದೇ ಕೋಣೆ, ಬಾಗಿಲಿಗೆ ಬೇವಿನ ಸೊಪ್ಪು. ಮಗು ಕೆಂಪಗೆ, ಮುಷ್ಟಿ ಬಿಗಿ ಹಿಡಿದು ಮಲಗಿತ್ತು. ಅಂಜನಮ್ಮ ಈಗ ಮೇಡಂ ಅನ್ನುವುದಿಲ್ಲ.

"ನಿಮ್ ಯಜಮಾನ್ರು ಹೆಂಗ್ ಹೋದ್ರು ಅಕ್ಕ?"

ಹತ್ತು ತಿಂಗಳಲ್ಲಿ ಯಾರೂ ಹೀಗೆ ಕೇಳಿರಲಿಲ್ಲ. ಪಾಪ ಅಂದಿದ್ದರು, ಹಣೆಬರಹ ಅಂದಿದ್ದರು. ಹೇಗೆ ಎಂದು ಯಾರೂ ಕೇಳಿರಲಿಲ್ಲ. ಹೇಳಿದೆ. ಕಳಸದಿಂದ ಬರುವ ಬಸ್ಸು. ಕಿಟಕಿಗೆ ತಲೆ ಕೊಟ್ಟು ಕೂತಿದ್ದರು. ಕೊಟ್ಟಿಗೆಹಾರದಲ್ಲಿ ಕಾಫಿಗೆ ನಿಲ್ಲಿಸಿದಾಗ, ಮಲಗಿದ್ದಾರೆ ಪಾಪ ಎಂದು ಕಂಡಕ್ಟರು ಎಬ್ಬಿಸಲಿಲ್ಲ. ಮೂಡಿಗೆರೆಯಲ್ಲೂ ಎಬ್ಬಿಸಲಿಲ್ಲ. ಪಕ್ಕದ ಸೀಟಿನ ಹೆಂಗಸಿನ ಮಗು ಇವರ ಭುಜಕ್ಕೆ ಒರಗಿ ನಿದ್ದೆ ಮಾಡಿಕೊಂಡು ಬಂದಿತಂತೆ. ಚಿಕ್ಕಮಗಳೂರು ಬಂದಾಗ ಮಗುವನ್ನು ಎತ್ತಿಕೊಂಡಳು, ಇವರು ವಾಲಿದರು. ಅಷ್ಟು ದೂರ ಒಂದು ಮಗು ಒರಗಿತ್ತಲ್ಲ, ಅದಕ್ಕೂ ತಿಳಿಯಲಿಲ್ಲ.

ನಾನು ಎಷ್ಟು ಹೊತ್ತು ಮಾತಾಡಿದೆನೋ. ಅಂಜನಮ್ಮ ಸಮಾಧಾನದ ಮಾತು ಒಂದೂ ಆಡಲಿಲ್ಲ. ಸೆರಗಿನ ತುದಿ ಕೊಟ್ಟು, "ಮುಖ ಒರಿಸ್ಕಳಿ" ಅಂದಳು. ಮಗುವನ್ನು ನನ್ನ ಮಡಿಲಿಗೆ ಹಾಕಿ ಅನ್ನಕ್ಕೆ ಇಡಲು ಹೋದಳು. ಮೊಳಕೆ ಹುರುಳಿ ಸಾರು. ಎರಡು ಸಲ ಹಾಕಿಸಿಕೊಂಡೆ.

ಅಷ್ಟರಲ್ಲಿ ಮಗು ಸೀರೆಯನ್ನೆಲ್ಲ ಒದ್ದೆ ಮಾಡಿತ್ತು. ಅವಳ ಸೀರೆ ಉಟ್ಟುಕೊಂಡು ಹೋಗಿ ಅಂದಳು. ಬಸ್ಸಿನ ಸದ್ದು ಕೇಳಿತು, ಹಾಗೇ ಓಡಿ ಬಂದು ಹತ್ತಿದೆ. ಪಕ್ಕದಲ್ಲಿ ಕೂತಿದ್ದ ಮುದುಕಿ ಮೂಗು ಅರಳಿಸಿ ನನ್ನ ಸೀರೆ ನೋಡಿದಳು.

"ಎಷ್ಟು ದಿನದ್ದು ಕೂಸು?"

"ಹದಿಮೂರು" ಅಂದೆ.